ಸುಣ್ಣದ ಮೇಲೆ ಹೊರಿಸಿದ್ದು

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನೇಕಾರನಿದ್ದ. ಬೀಡಿಯ ಕಿಡಿ ಹಾರಿದರೆ ಸೀರೆ ಸುಡುತ್ತದೆಂದು, ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ಎಡಗಡೆಯ ದವಡೆಯಲ್ಲಿಟ್ಟುಕೊಂಡು ನೇಯುತ್ತಿದ್ದ. ‘ಬಾಯಾಗ ಬಿದ್ದಿರತೈತಿ, ಯಾರಿಗೂ ತ್ರಾಸಿಲ್ಲ’ ಎನ್ನುವುದು ಅವನ ಮಾತು. ಸೀರೆಯ ಒಂದು ಎಳೆ ಹರಿದರೂ ಆಗಿಂದಾಗಲೇ ಮಗ್ಗ ನಿಲ್ಲಿಸಿ ಕೂಡಿಸುವವ.

ಒಂದು ಸಂಜೆ ಮಿರ್ಚಿ ಭಜಿ ಕಚ್ಚಿದವನೇ ಉರಿ ತಾಳದೆ ಕಣ್ಣೀರು ಹಾಕಿದ. ಬಾಯಿ ತೆರೆಸಿ ನೋಡಿದರೆ ಕೆನ್ನೆಯೊಳಗೆ ಬಿಳಿ ಮಚ್ಚೆ.

‘ದವಾಖಾನಿಗೆ ಹೋಗಿ ತೋರಸಲೇ’ ಅಂದೆ.

‘ಸುಣ್ಣ ಸುಟ್ಟೈತಿ ತಗೋ’ ಎಂದು ನಕ್ಕು, ಅಂದಿನಿಂದ ತಂಬಾಕನ್ನು ಬಲಗಡೆಗೆ ಇಟ್ಟುಕೊಂಡ. ಎಡಗಡೆಗೆ ರಜೆಯಂತೆ!

ರೊಟ್ಟಿಯ ತುತ್ತಿಗೂ ಬಾಯಿ ತೆರೆಯದಾದಾಗ ಗದಗಿನ ಡಾಕ್ಟರ ಹತ್ತಿರ ಹೋದ. ‘ಬರೇ ಬಿಳಿ ಮಚ್ಚಿ ಇದ್ದಾಗನ ಬರಬೇಕಿತ್ತಲ್ರಿ’ ಎಂದರು ಅವರು. ಕ್ಯಾನ್ಸರ್ ಹತ್ತಿದ ದವಡೆ ತೆಗೆದರೂ ಅವನು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಓಣಿಯ ಹಿರಿಯರು ಅವನ ಮನೆಯ ಕಟ್ಟೆಯ ಮೇಲೆಯೇ ಕುಳಿತು ಅಂಗೈಯಲ್ಲಿ ತಂಬಾಕು ತಿಕ್ಕತೊಡಗಿದರು.

‘ಪಾಪ, ಸುಣ್ಣ ಭಾಳ ಹಚ್ಚತಿದ್ದ’ ಎಂದ ಒಬ್ಬ.

ಉಳಿದವರು ಹೌದೆಂದು ತಲೆಯಾಡಿಸಿ, ತಮ್ಮ ಬೆರಳ ತುದಿಯ ಸುಣ್ಣವನ್ನು ತುಸು ಕಟ್ಟೆಗೆ ಒರೆಸಿದರು.