ಡಿಸ್ಕಿಗೆ ಕುಂಕುಮ, ಕಣ್ಣಿಗೆ ಪೊರೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮೂಡಲಗಿ ದಾರಿಯ ಸಕ್ಕರೆ ಕಾರ್ಖಾನೆಯೊಂದರ ಕಾಟಾ ಆಫೀಸಿನ ಹಿಂದೆ, ನಲ್ಲಿಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ನಂದಾ ಒಂದು ಕಂಪ್ಯೂಟರ್ ಡಿಸ್ಕ್ ತೊಳೆಯುತ್ತಿದ್ದಾರೆ. ಹೌದು, ತೊಳೆಯುತ್ತಲೇ ಇದ್ದಾರೆ. ಅಂಗೈಯಗಲದ ಹೊಳೆಯುವ ತಟ್ಟೆಯ ಮೇಲೆ ಎಳೆಯಷ್ಟು ನೀರು ಬಿಟ್ಟು, ಹಳೆಯ ಧೋತರದ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸುತ್ತಾರೆ. ಗುಂಡಗೆ ತಿರುಗಿಸಿ ಒರೆಸುವಂತಿಲ್ಲ, ಗೀರು ಬಿದ್ದರೆ ಮುಗಿಯಿತು. ಧೋತರದ ತುಂಡು ಕೆಂಪಗಾಗಿದೆ. ಅದು ಕುಂಕುಮ.

"ಎಡಗಣ್ಣಿಗೆ ಎಲ್ಲಾ ಮಂಜ ಮಂಜ ಕಾಣತೈತ್ರಿ. ಬಲಗಣ್ಣಿಲೆ ನೋಡಿ ತೊಳೀಬೇಕು. ನಿನ್ನೆ ಒಮ್ಮಿ ತೊಳದೆ, ಸಾಕಾಗಲಿಲ್ಲ," ಎನ್ನುತ್ತ ತಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಏಳಲು ಹೋದರೆ ಮಂಡಿ ಒಪ್ಪುವುದಿಲ್ಲ. ಗೋಡೆ ಹಿಡಿದು ಏಳುತ್ತಾರೆ.

ನಂದಾ ಅವರಿಗೆ ಐವತ್ತೆರಡು. ಊರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಕಬ್ಬಿನ ಟ್ರೇಲರುಗಳನ್ನು ತೂಗುವ ಕಾಟಾಕ್ಕೆ ಜೋಡಿಸಿದ ಹಳೆಯ ಯುನಿಕ್ಸ್ ಕಂಪ್ಯೂಟರನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿರುವವರು ಇವರೊಬ್ಬರೇ. ಮೌಸ್ ಇಲ್ಲ, ಚಿತ್ರವಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಏನು ಬೇಕೋ ಅದನ್ನು ಟೈಪ್ ಮಾಡಿಯೇ ಹೇಳಬೇಕು. ಒಂದಕ್ಷರ ತಪ್ಪಿದರೂ ಜಪ್ಪಯ್ಯ ಎಂದರೂ ಅದು ಅಲುಗುವುದಿಲ್ಲ.

ನಾಳೆ ಕಬ್ಬಿನ ಹಂಗಾಮು ಶುರು. ನಾಡಿದ್ದು ಗುರುವಾರ ಗೋಕಾಕದ ಆಸ್ಪತ್ರೆಯಲ್ಲಿ ನಂದಾ ಅವರ ಎಡಗಣ್ಣಿನ ಪೊರೆ ತೆಗೆಯಬೇಕು. ಆಮೇಲೆ ಹತ್ತು ದಿನ ಪರದೆಯ ಮುಂದೆ ಸುಳಿಯುವಂತಿಲ್ಲ. ಈಗಾಗಲೇ ಎರಡು ಸಲ ದಿನ ಮುಂದೆ ಹಾಕಿದ್ದಾರೆ, ಎರಡು ಸಲವೂ ಈ ಯಂತ್ರದ ದೆಸೆಯಿಂದಲೇ. "ಡಾಕ್ಟರ್ ಬೈದಾರ್ರಿ. ಪೊರಿ ಬಲಿತ ಗಟ್ಟಿ ಆಗೇತಿ, ಇನ್ನೊಮ್ಮಿ ತಪ್ಪಿಸಿದ್ರ ನಮ್ಮ ಕಡೆ ಬರಬ್ಯಾಡ್ರಿ ಅಂದಾರು." ಆ ಹತ್ತು ದಿನ ಯಂತ್ರ ನೋಡಿಕೊಳ್ಳಬೇಕಾದವರು ತೂಕದ ಚೀಟಿ ಬರೆಯುವ ಸಿದ್ರಾಮ. ಅವರದು ಒಂದೇ ಷರತ್ತು: ಯಂತ್ರದ ಹೊಟ್ಟೆಯೊಳಗೆ ಅದರ ಪುಸ್ತಕ ಇರಬೇಕು.

ಪುಸ್ತಕವೆಂದರೆ ಈ ಡಿಸ್ಕಿನಲ್ಲಿರುವ ಮೂರು ಸಾವಿರದ ಚಿಲ್ಲರೆ ಪುಟ. ಯಂತ್ರದ ಯಾವ ಆಜ್ಞೆ ಏನು ಮಾಡುತ್ತದೆ, ಕೆಟ್ಟರೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. ಅದನ್ನು ಒಳಗೆ ತುಂಬಿಟ್ಟರೆ ಕೆಲಸದ ನಡುವೆಯೇ ಹೆಸರು ಟೈಪ್ ಮಾಡಿ ಬೇಕಾದ ಪುಟ ತೆರೆಯಬಹುದು. ಈ ಮಳೆಗಾಲದಲ್ಲಿ ಯಂತ್ರದೊಳಗಿನ ಹಾರ್ಡ್‌ಡಿಸ್ಕ್ ಸುಟ್ಟು, ಮೊದಲೇ ತುಂಬಿಟ್ಟಿದ್ದ ಪುಸ್ತಕವೂ ಹೋಯಿತು. ಹೊಸದು ಕೂಡಿಸಲು ಬಂದ ಇಂಜಿನಿಯರ್ ಪುಸ್ತಕ ತುಂಬುವ ಗೋಜಿಗೆ ಹೋಗದೆ ಕೈ ತೊಳೆದುಕೊಂಡು ಹೋದ.

ಫೋನಿನಲ್ಲಿ ಹುಡುಕಿದರಾಯಿತಲ್ಲ ಎನ್ನುವವರಿಗೆ ಸಿದ್ರಾಮ ತಮ್ಮದೇ ಪುರಾಣ ಹೇಳುತ್ತಾರೆ. ಹೋದ ಹಂಗಾಮಿನಲ್ಲಿ ಅವರು ಪುಸ್ತಕ ತೆರೆಯದೆ ಫೋನಿನಲ್ಲಿ ಕಂಡದ್ದನ್ನು ಇದ್ದದ್ದು ಇದ್ದಂತೆ ಟೈಪ್ ಮಾಡಿದರು. ಅದು ಬೇರೆ ಜಾತಿಯ ಯುನಿಕ್ಸಿನ ಮಾತು. ಚೀಟಿ ಹೊಡೆಯುವ ಪ್ರಿಂಟರ್ ಅರ್ಧ ದಿನ ಬಾಯಿ ಮುಚ್ಚಿತು, ಟ್ರ್ಯಾಕ್ಟರುಗಳ ಸಾಲು ಡಾಂಬರು ರಸ್ತೆ ಮುಟ್ಟಿತು. "ಡ್ರೈವರಗೋಳ ಬೈಗಳ ಕೇಳಿ ನನಗ ಎರಡ ದಿನ ಊಟ ಸೇರಲಿಲ್ರಿ," ಎನ್ನುತ್ತಾರೆ ಅವರು.

ಅದಿರಲಿ, ಡಿಸ್ಕಿಗೆ ಕುಂಕುಮ ಬಂದದ್ದು ಹೇಗೆ? ಖಂಡೇ ಪೂಜೆಯ ದಿನ, ಅಂದರೆ ದಸರೆಯ ಆಯುಧ ಪೂಜೆಗೆ, ಕಾಟಾಕ್ಕೆ, ಕಂಪ್ಯೂಟರಿಗೆ, ಪ್ರಿಂಟರಿಗೆ, ಕೊನೆಗೆ ಸ್ಟೇಪ್ಲರಿಗೂ ಪೂಜೆ ಮಾಡಿದ ಸಿದ್ರಾಮ, ಇಷ್ಟು ಮುಖ್ಯವಾದ ಡಿಸ್ಕನ್ನು ಬಿಟ್ಟರೆ ಹೇಗೆ ಎಂದು ಡಬ್ಬಿಯಿಂದ ತೆಗೆದು ಪ್ರಿಂಟರಿನ ರಿಬ್ಬನ್ ಪಕ್ಕದಲ್ಲಿಟ್ಟು ಪೂಜಿಸಿದರು. ಕುಂಕುಮ ಹಚ್ಚಿದ್ದು ಹೊಳೆಯುವ ಬದಿಗೆ. ಯಂತ್ರ ಓದುವುದು ಆ ಬದಿಯನ್ನೇ! "ಹೊಳಿಯೂ ಬಾಜೂ ಮಾರಿ ಅಂತ ತಿಳದೆ ನಾ. ಮಾರಿಗೇ ಕುಂಕುಮ ಹಚ್ಚೂದಲ್ರಿ, ಬೆನ್ನಿಗೆ ಯಾರ ಹಚ್ಚತಾರು?" ಎಂದು ಈಗಲೂ ಕೇಳುತ್ತಾರೆ ಪುಣ್ಯಾತ್ಮ.

ನಂದಾ ಆ ದಿನ ಇರಲಿಲ್ಲ. ಅವರದು ಬೌದ್ಧ ಮನೆತನ, ಮನೆಯಲ್ಲಿ ಖಂಡೇ ಪೂಜೆಯಿಲ್ಲ. ದಸರೆಗೆ ಓಣಿಯ ವಿಹಾರದಲ್ಲಿ ಧಮ್ಮ ದೀಕ್ಷೆಯ ದಿನದ ಅಡುಗೆಗೆ ನಿಲ್ಲುವುದು ಅವರ ವರ್ಷದ ಒಂದೇ ದೊಡ್ಡ ರಜೆ. ಮರಳಿ ಬಂದು ಡಬ್ಬಿ ತೆರೆದರೆ ಹೊಳೆಯುವ ಬದಿಯೆಲ್ಲ ಕೆಂಪು. "ಬೈಯಾಕ ಬಾಯಿ ತೆರದೆ. ಆದ್ರ ಅಂವಾ ಅಷ್ಟ ಭಕ್ತಿಲೆ ಹಚ್ಚ್ಯಾನ, ಏನಂತ ಬೈಯೂದ್ರಿ? ಕುಂತ ಅತ್ತೆ."

ಈಗ ಡಿಸ್ಕ್ ಒಣಗಿದೆ. ನಂದಾ ಅದನ್ನು ಯಂತ್ರದ ಬಾಯಿಗಿಟ್ಟು ತಳ್ಳುತ್ತಾರೆ. ಇಟ್ಟರೆ ಸಾಲದು, ಇದು ಇಂಥ ಕಡೆ ಇದೆ, ಓದು ಎಂದು ಟೈಪ್ ಮಾಡಿ ಹೇಳಬೇಕು. ಅದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಆಮೇಲೆ ಪುಟಗಳು ಒಂದೊಂದಾಗಿ ಒಳಗೆ ನಕಲಾಗುತ್ತವೆ. ನಿನ್ನೆ ಎಂಟು ಭಾಗಗಳಲ್ಲಿ ಐದನೆಯದಕ್ಕೆ ನಿಂತುಬಿಟ್ಟಿತ್ತು. ಇರುವುದು ಇದೊಂದೇ ಡಿಸ್ಕ್.

ನಂದಾ ಪರದೆ ನೋಡುವುದಿಲ್ಲ. ಕಣ್ಣು ಮುಚ್ಚಿ, ಯಂತ್ರದ ಪಕ್ಕಕ್ಕೆ ಕಿವಿ ಕೊಟ್ಟು ಕೂರುತ್ತಾರೆ. ಓದಲು ಬಾರದ ಜಾಗ ಬಂದರೆ ಅದು ಗರ್ ಗರ್ ಎಂದು ಅಲ್ಲೇ ತಿರುಗುತ್ತದಂತೆ. ನಾಲ್ಕು ಮುಗಿಯಿತು. ಐದಕ್ಕೆ ಗರ್ ಎಂದಿತು, ನಂದಾ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದರು. ಮತ್ತೊಮ್ಮೆ ಗರ್ ಎಂದಿತು. ಆಮೇಲೆ ಸದ್ದು ಸಣ್ಣಗಾಗಿ ಮುಂದೆ ಹೋಯಿತು. "ದಾಟ್ತು," ಎಂದರು ಕಣ್ಣು ತೆರೆಯದೆ. ಸಿದ್ರಾಮ ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿದರು.

ನಕಲು ಮುಗಿದ ಮೇಲೆ ಪುಟಗಳ ಪಟ್ಟಿ ಕಟ್ಟಲು ಯಂತ್ರಕ್ಕೆ ಒಂದೂವರೆ ತಾಸು ಬೇಕು. ಆಗ ನಂದಾ ಮಾತಿಗೆ ಸಿಗುತ್ತಾರೆ. ಅಪ್ಪ ಅವ್ವ ಇದೇ ಸೀಮೆಯ ಹೊಲಗಳಲ್ಲಿ ಕಬ್ಬು ಕಡಿದವರು. ನಂದಾ ಗೋಕಾಕದಲ್ಲಿ ಟೈಪಿಂಗ್ ಕಲಿತು ಇಲ್ಲಿ ಚೀಟಿ ಬರೆಯಲು ಗುತ್ತಿಗೆಯ ಮೇಲೆ ಸೇರಿದರು, ಇವತ್ತಿಗೂ ಗುತ್ತಿಗೆಯೇ. ಯಂತ್ರ ಕಲಿಸಲು ಬಂದವರು ಮೂರು ದಿನ ಇದ್ದು ಈ ಡಿಸ್ಕ್ ಕೈಗಿಟ್ಟು ಹೋದರು. "ಎಲ್ಲಾ ಇಂಗ್ಲೀಷ್ ರೀ. ಡಿಕ್ಷನರಿ ಬಾಜೂಕ ಇಟಗೊಂಡ ಒಂದೊಂದ ಪುಟಕ್ಕ ಒಂದೊಂದ ತಾಸ ಕುಂತೇನಿ."

ಹಂಗಾಮಿನಲ್ಲಿ ದಿನಕ್ಕೆ ಐನೂರು ಟ್ರೇಲರ್ ಬರುತ್ತವೆ. ತುಂಬಿದಾಗೊಮ್ಮೆ, ಖಾಲಿಯಾದಾಗೊಮ್ಮೆ ತೂಕ. ಡ್ಯೂಟಿ ಮುಗಿಸಿ ಬಸ್ಸು ಹತ್ತಿದ ಮೇಲೂ ಹತ್ತು ಹನ್ನೆರಡು ಫೋನ್. ನೂರೈವತ್ತು ದಿನ ಇದೇ ಪಾಡು. "ಮಗಳ ಲಗ್ನದಾಗ ಊಟಕ್ಕ ಕುಂತಿದ್ದೆ, ಕೈಯಾಗ ತುತ್ತ ಹಿಡಕೊಂಡ ಪ್ರಿಂಟರ್ ರಿಪೇರಿ ಹೇಳೇನಿ. ದಣದೇನ್ರಿ, ಖರೆ ಹೇಳತೇನಿ. ಕುಲಗೋಡದಾಗ ತಂಗಿ ಭಾಗ್ಯಾನ ಮನಿ ಐತಿ. ಅಲ್ಲಿ ಹತ್ತ ದಿನ ಕಣ್ಣ ಮುಚ್ಚಿ ಬೀಳಬೇಕು. ಬ್ಯಾರೆ ಏನೂ ಬೇಡಿಲ್ಲ."

ಪುಸ್ತಕದ ಕೊನೆಗೆ ನಂದಾ ಒಂದು ಪುಟವನ್ನು ತಾವೇ ಸೇರಿಸಿದ್ದಾರೆ. ಅದರ ಹೆಸರು 'ಕಾಟಾ'. ಯಂತ್ರಕ್ಕೆ ಕನ್ನಡ ಲಿಪಿ ಬಾರದು, ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಪ್ರಿಂಟರ್ ಸಿಕ್ಕಿಕೊಂಡರೆ ಹೀಗೆ, ಕರೆಂಟು ಹೋಗಿ ಬಂದರೆ ಹೀಗೆ, ಕಾಟಾ ಸೊನ್ನೆಗೆ ಬರದಿದ್ದರೆ ಮೊದಲು ಕೆಳಗೆ ಕಬ್ಬಿನ ತುಂಡು ಸಿಕ್ಕಿದೆಯೇ ನೋಡು, ಆಮೇಲೆ ಯಂತ್ರವನ್ನು ಬೈ. ಸುಟ್ಟ ಹಾರ್ಡ್‌ಡಿಸ್ಕಿನ ಜೊತೆ ಹೋಗಿದ್ದ ಆ ಪುಟವನ್ನು ನೋಟುಬುಕ್ಕಿನಿಂದ ಒಂದೇ ಕಣ್ಣಿನಲ್ಲಿ ಮತ್ತೆ ಟೈಪ್ ಮಾಡಿದ್ದಾರೆ. ಪ್ರತಿ ಪುಟದ ತುದಿಗೆ ಬರೆದವರ ಹೆಸರಿಗೊಂದು ಜಾಗ ಇರುತ್ತದೆ. ತಮ್ಮ ಪುಟದಲ್ಲಿ ನಂದಾ ಅದನ್ನು ಖಾಲಿ ಬಿಟ್ಟಿದ್ದರು.

ಪಟ್ಟಿ ಕಟ್ಟಿ ಮುಗಿದಾಗ ಒಂಬತ್ತೂವರೆ. ನಂದಾ ಡಿಸ್ಕನ್ನು ಹೊರತೆಗೆದು ಡಬ್ಬಿಗಿಟ್ಟು, ಗೇಟಿನ ಹತ್ತಿರ ಚಹಾ ಕುಡಿಯಲು ಹೋದರು. ಮರಳಿ ಬಂದಾಗ ಸಿದ್ರಾಮ ಕಳ್ಳನಂತೆ ಎದ್ದು ನಿಂತರು. ಪರದೆಯ ಮೇಲೆ 'ಕಾಟಾ' ಪುಟ ತೆರೆದಿತ್ತು.

ನಂದಾ ಬಲಗಣ್ಣನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಒಯ್ದು ಕೊನೆಯ ಸಾಲಿನವರೆಗೆ ಓದಿದರು. 'ಬರೆದವರು: ನಂದಾ, ಘೋಡಗೇರಿ.'

"ಇದನ್ನ ಯಾರ ಹಾಕಿದ್ರು?"

"ನಾನ ಹಾಕೇನ್ರಿ ಅಕ್ಕಾರ."

"ನಿನಗ ಪುಟ ತಿದ್ದಾಕ ಎಲ್ಲಿ ಬರತೈತಿ? ಯಾರನ ಕೇಳಿದಿ?"

"ಯಾರ್ನೂ ಕೇಳಿಲ್ರಿ. ಹೆಂಗ ತಿದ್ದೂದು ಅಂತ ಪುಸ್ತಕದಾಗ ತಗದ ನೋಡಿದೆ. ನೀವ ತುಂಬಿದ್ರಲ್ರಿ ಈಗ."

ನಂದಾ ಕುರ್ಚಿಯಲ್ಲಿ ಕೂತರು. ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಪರ್ಸಿನಿಂದ ಫೋನ್ ತೆಗೆದು ಕುಲಗೋಡಕ್ಕೆ ಹಚ್ಚಿದರು.

"ಭಾಗ್ಯಾ, ಹಾಸಗಿ ತಗದ ಬಿಸಲಿಗೆ ಹಾಕ. ಗುರುವಾರ ಬರತೇನಿ."