ಮುಂದಿನ ಗಾಡಿ

ಆ ಬೆಳಿಗ್ಗೆಯೂ ನಮ್ಮ ಎದುರುಮನೆಯ ವಿಜಯಪುರದಾಕೆ ಮೂವತ್ತು ದಾಟಿದ ಮಗಳಿಗೆ ಜಡೆ ಹೆಣೆದು, ಡಬ್ಬಿ ಕಟ್ಟಿಕೊಂಡು ಹೊರಟರು. ಮಗಳ ಮನಸ್ಸಿನ ಕಾಯಿಲೆಯ ಗುಳಿಗೆಗಳು ಮುಗಿದಿದ್ದವು. ಡಾಕ್ಟರು ನೋಡದೆ ಮತ್ತೆ ಕೊಡುವುದಿಲ್ಲ. ದೂರದ ಆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಮೇಲೆ ಚೀಟಿ ಸಿಗದು. ಟ್ಯಾಕ್ಸಿ ಅವರಿಗೆ ಆಗದ ಮಾತು. ಮಾಟುಂಗಕ್ಕೆ ಹೊರಟಿದ್ದ ನಾನೂ ಸ್ಟೇಷನ್ನಿನಲ್ಲಿ ಜೊತೆಯಾದೆ.

ಲೋಕಲ್ ರೈಲು ಬಂದಾಗಲೆಲ್ಲ ನೂಕಾಟ ಕಂಡು ಮಗಳು ಕಂಬವನ್ನು ಅಪ್ಪಿಕೊಳ್ಳುತ್ತಿದ್ದಳು. ತಾಯಿ ಎಳೆಯಲಿಲ್ಲ. ಸೆರಗಿನಿಂದ ಅವಳ ಕುತ್ತಿಗೆಯ ಬೆವರೊರೆಸಿ, "ಇರ್ಲಿ ಬಿಡವ್ವ, ಮುಂದಿನ ಗಾಡಿ ಖಾಲಿ ಬರ್ತದ," ಎನ್ನುತ್ತಿದ್ದರು. ಅವರನ್ನು ಬಿಟ್ಟು ಹೋಗಲಾರದೆ ನಾನೂ ಅಲ್ಲೇ ಉಳಿದೆ.

ಗಾಡಿಗಳು ಖಾಲಿಯಾಗುವಷ್ಟರಲ್ಲಿ ಚೀಟಿಯ ಹೊತ್ತು ಮೀರಿತ್ತು. ಇಬ್ಬರೂ ಬೆಂಚಿನ ಮೇಲೆಯೇ ಡಬ್ಬಿ ಬಿಚ್ಚಿ ಉಂಡು, ಮನೆಗೆ ಮರಳಿದರು.

ಸಂಜೆ ಮೆಟ್ಟಿಲಲ್ಲಿ ಸಿಕ್ಕ ಮೇಲಿನ ಮಹಡಿಯಾಕೆ ತಾಯಿಯನ್ನು ಕೇಳಿದರು: "ಏನ್ರೀ ಅಕ್ಕಾರ, ಇವತ್ತ ಲಗೂನ ಬಂದ್ರಲ್ಲ! ದವಾಖಾನ್ಯಾಗ ಮಂದಿ ಗರ್ದಿ ಇರಲಿಲ್ಲೇನು?"