ಅಕ್ಕನ ಪಾದ ಒಪ್ಪಿದ ಕೋಣೆ

ಹೈದರಾಬಾದಿನ ಕಣ್ಣಾಸ್ಪತ್ರೆಯವರು ಅಕ್ಕನಿಗೆ ಒಂದೇ ಷರತ್ತು ಹಾಕಿದ್ದರು. ಆಪರೇಷನ್ನಿನ ದಿನ ಬೆಳಿಗ್ಗೆ ಅವಳ ರಕ್ತದೊತ್ತಡ ಹತೋಟಿಯಲ್ಲಿರಬೇಕು. ಹಿಂದಿನ ಸಲ ಅದು ಏರಿ ಕೂತದ್ದರಿಂದ ಹಾಗೆಯೇ ವಾಪಸ್ ಕಳಿಸಿದ್ದರು. ಆಗ ನಾವು ಉಳಿದದ್ದು ಬಸ್ ನಿಲ್ದಾಣದ ಪಕ್ಕದ ಅಗ್ಗದ ಲಾಡ್ಜಿನಲ್ಲಿ. ತಿಗಣೆ ಕಾಟಕ್ಕೆ ಅಕ್ಕ ಬೆಳತನಕ ಎದ್ದೇ ಕೂತಿದ್ದಳು. ಅವಳ ಬಲಗಣ್ಣು ಎಂದೋ ಹೋಗಿದೆ, ಚಿಕ್ಕಂದಿನಲ್ಲಿ ಜೋಳದ ಒಣ ಎಲೆಯ ರವದಿ ತಾಗಿ. ಈಗ ಎಡಗಣ್ಣಿಗೆ ಪೊರೆ ಬಂದಿತ್ತು. ಆ ಒಂದು ಕಣ್ಣು ಉಳಿಯಬೇಕಾದರೆ ಅವಳು ಒಂದು ರಾತ್ರಿ ಚೆನ್ನಾಗಿ ಮಲಗಬೇಕು. ಮಲಗಿಸುವ ಜವಾಬ್ದಾರಿ ನನ್ನದು.

ಈ ವಿಷಯದಲ್ಲಿ ನನಗೆ ನನ್ನ ಮೇಲೆ ಭರವಸೆಯಿತ್ತು. ನಾನು ಬೆಳೆದದ್ದು ಹಾಸ್ಟೆಲಿನ ಗಂಟೆಗೆ. ಮುಂದೆ ಸುರಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ಅದೇ ಗಂಟೆ ಹೊಡೆಸಿದವಳು. ನಾನು ದೀಪ ಆರಿಸೆಂದರೆ ಸಾಲಾಗಿ ಹಾಸಿದ ಹಾಸಿಗೆಗಳೆಲ್ಲ ಸದ್ದಿಲ್ಲದಾಗುತ್ತಿದ್ದವು. ಹೀಗಾಗಿ ಹೊರಡುವ ಮೊದಲೇ ಒಂದು ಚೀಟಿ ಬರೆದುಕೊಂಡೆ: ಶಾಂತ ಬೀದಿ, ಬಿಸಿನೀರು, ಲಿಫ್ಟು, ಮೆತ್ತನೆಯ ಹಾಸಿಗೆ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ಬಾಡಿಗೆ ತೀರಾ ಅಗ್ಗವಿರಬಾರದು, ನನ್ನ ಪಿಂಚಣಿಯನ್ನು ಮೀರಲೂಬಾರದು.

ಅಕ್ಕ ಹಿಂದಿನ ದಿನವೇ ಕೃಷ್ಣೆಯ ದಡದ ತಿಂಥಣಿಯಿಂದ ನನ್ನ ಮನೆಗೆ ಬಂದಿದ್ದಳು. ನಸುಕಿನಲ್ಲಿ ಬಸ್ಸು ಹತ್ತಿದೆವು. ಶಹಾಪುರದ ಬಳಿ ಬೆಳಕು ಹರಿಯಿತು. ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಅಂಚು ಮಂಜಿನ ಮೇಲೆ ತೇಲುತ್ತಿತ್ತು. ಅಕ್ಕ ಕಿಟಕಿಗೆ ಮುಖ ಹಚ್ಚಿ, "ಬುದ್ಧಪ್ಪ ಇನ್ನಾ ಎದ್ದಿಲ್ಲೇನು?" ಎಂದಳು. ಅವಳಿಗೆ ಕಂಡದ್ದು ಬರೀ ಬಿಳುಪು. ಭೀಮೆ ದಾಟಿ, ಯಾದಗಿರಿಯಲ್ಲಿ ರೈಲು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಹೈದರಾಬಾದು ಸೇರಿದೆವು.

ಮೊದಲನೆಯ ಹೋಟೆಲಿನ ಬಾಗಿಲಲ್ಲೇ ಅಕ್ಕ ಚಪ್ಪಲಿ ಕಳಚಿದಳು.

"ಅಕ್ಕಾ, ಇಲ್ಲಿ ಚಪ್ಪಲಿ ಬಿಡೂದಿಲ್ಲ."

"ಮಂದಿ ಮಲಗೂ ಜಾಗಾ ಹೌದಿಲ್ಲೋ? ಕಾಲಾಗ ಹಾಕ್ಕೊಂಡು ಹೆಂಗ ಹೋಗಬೇಕು?"

ಬರಿಗಾಲಲ್ಲಿ ಹೋಟೆಲಿನ ರತ್ನಗಂಬಳಿ ಮೆಟ್ಟಿದವಳು ಕೂಡಲೇ ಹಿಂದೆ ಸರಿದಳು. ಒದ್ದೆ ಹುಲ್ಲು ತುಳಿದಂತಾಯಿತಂತೆ. ನಾನು ಕೋಣೆಗೆ ಹೋಗಿ ದಿಂಬು ಮೂಸಿ ನೋಡಿದೆ. ಮುಗ್ಗಲು ವಾಸನೆ. ಚೀಟಿಯಲ್ಲಿ ತಪ್ಪು ಹಾಕಿದೆ.

ಎರಡನೆಯದು ಒಳಬೀದಿಯಲ್ಲಿತ್ತು. ಹೊಸ ಕಟ್ಟಡ, ಲಿಫ್ಟು, ಬಿಸಿನೀರು, ತೆರೆಯಲು ಬಾರದ ಗಾಜಿನ ಕಿಟಕಿ. ಹೊರಗಿನ ಸದ್ದು ಒಂದಿಷ್ಟೂ ಒಳಗಿಲ್ಲ. ನನ್ನ ಚೀಟಿಯ ಎಲ್ಲ ಸಾಲಿಗೂ ಸರಿ ಗುರುತು ಬಿತ್ತು. ಹಿಂದಿರುಗಿ ನೋಡಿದರೆ ಅಕ್ಕ ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

"ಹರಗೋಲದಾಗ ಕುಂತಂಗ ಆಗ್ಯಾದ. ಎಲ್ಲಿ ಮಗಚತದೋ ಅನ್ನಿಸ್ತದ."

"ಮಲಗಿದ್ರ ರೂಢಿ ಆಗ್ತದ, ಅಕ್ಕಾ. ನಾಳಿ ನಿನ್ನ ಕಣ್ಣಿನ ಮಾತದ."

"ಆತು ಬಿಡವಾ, ವಾರ್ಡನ್‌ಬಾಯಿ. ಗಂಟಿ ಹೊಡಿ, ಮಲಗ್ತೀನಿ."

ಅವಳು ನಕ್ಕಳು. ಕೈ ಮಾತ್ರ ಅಂಚು ಬಿಡಲಿಲ್ಲ.

ಮುಂಗಡ ಕೊಡುವ ಮೊದಲು, ಇಲ್ಲಿಯೂ ಅವಳು ಬಾಗಿಲಲ್ಲೇ ಬಿಟ್ಟಿದ್ದ ಚಪ್ಪಲಿ ತರೋಣವೆಂದು ಇಬ್ಬರೂ ಕೆಳಗಿಳಿದರೆ, ಚಪ್ಪಲಿ ಅಲ್ಲಿರಲಿಲ್ಲ. ಕಸವೆಂದು ತಿಳಿದು ಗಾಡಿಗೆ ಹಾಕಿದ್ದಾಗಿ ಕಾವಲಿನವನು ಹೇಳಿದ. ಹೊಸದು ಕೊಳ್ಳಲು ದೊಡ್ಡ ರಸ್ತೆಗೆ ಬಂದೆವು. ಕಾದ ನೆಲದ ಮೇಲೆ ಅಕ್ಕ ಹೆಜ್ಜೆ ಊರಲಾರದೆ, ನನ್ನ ಕೈ ಎಳೆದುಕೊಂಡು ಮೊದಲು ಸಿಕ್ಕ ನೆರಳಿನ ಬಾಗಿಲು ಹೊಕ್ಕಳು. ಅದೂ ಒಂದು ಹಳೆಯ ಹೋಟೆಲೇ. ಎದುರಿಗೇ ಬಸ್ಸುಗಳ ಹಾರ್ನು, ಚಹಾ ಅಂಗಡಿಯ ಗದ್ದಲ. ನನ್ನ ಚೀಟಿಗೆ ಹೊಂದುವಂಥದ್ದಲ್ಲ.

ಅಕ್ಕ ಅಲ್ಲಾಡದೆ ನಿಂತಳು. ಅಂಗಾಲನ್ನು ನೆಲದ ಮೇಲೆ ಮೆಲ್ಲಗೆ ಉಜ್ಜಿದಳು.

"ಏ, ಪರಸಿ ಕಲ್ಲು ಇದು! ನಮ್ಮ ಪಡಸಾಲ್ಯಾಗಿಂದು!"

ಮೇಜಿನ ಹಿಂದಿದ್ದ ಮುದುಕ ಕತ್ತೆತ್ತಿದ. ಆಸ್ಪತ್ರೆಗೆ ಬರುವ ನಮ್ಮ ಕಡೆಯವರ ಜೊತೆ ಮಾತಾಡಿ ಮಾತಾಡಿ ಕನ್ನಡ ಕಲಿತವನು. "ಹೌದ್ರಿ ಅಮ್ಮಾ. ನಿಮ್ಮ ಶಹಾಬಾದಿಂದಽ ಬಂದದ್ದು, ನಮ್ಮ ಅಜ್ಜನ ಕಾಲಕ್ಕ. ಖೋಲಿ ನೋಡ್ತೀರೇನ್ರಿ?"

ಬಾಡಿಗೆ ನಾನೆಣಿಸಿದಷ್ಟೇ ಇತ್ತು. ಕೋಣೆ ಸ್ವಚ್ಛವಾಗಿತ್ತು. ಬಾಗಿಲಿನಷ್ಟೇ ಎತ್ತರದ ಕಿಟಕಿ ತೆರೆದಿತ್ತು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬಿಸಿಯಾಗಲೆಂದು ಕಾದೆ. ಈ ಗದ್ದಲದಲ್ಲಿ ಯಾರು ಮಲಗುತ್ತಾರೆ, ಇವಳನ್ನು ಇಲ್ಲಿಂದ ಹೇಗೆ ಹೊರಡಿಸಲಿ ಎಂದು ಲೆಕ್ಕ ಹಾಕುತ್ತ ಹೊರಬಂದೆ. ಮಂಚ ಖಾಲಿಯಿತ್ತು. ಕಿಟಕಿಯ ಕೆಳಗೆ ಕಲ್ಲಿನ ನೆಲದ ಮೇಲೆ ಸೆರಗು ಹಾಸಿ, ತೋಳು ತಲೆದಿಂಬು ಮಾಡಿಕೊಂಡು ಅಕ್ಕ ನಿದ್ದೆ ಹೋಗಿದ್ದಳು.

ಓಡಿಹೋಗಿ ನಲ್ಲಿ ನಿಲ್ಲಿಸಿದೆ. ಹೊರಗೆ ಹಾರ್ನುಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಯಾರೋ ಯಾರನ್ನೋ ಕೂಗುತ್ತಿದ್ದರು. ಕೇಳುತ್ತ ಕೇಳುತ್ತ ಆ ಸದ್ದೆಲ್ಲ ದೂರ ಸರಿದು, ಕೃಷ್ಣೆಯ ದಡದಲ್ಲಿ ಬಲೆ ಎಳೆಯುವವರ ಕೂಗಿನಂತೆ, ಪಂಪುಸೆಟ್ಟುಗಳ ಗುಡುಗುಡಿನಂತೆ ಆಯಿತು. ಅಕ್ಕ ಐವತ್ತು ವರ್ಷ ಮಲಗಿದ್ದು ಅಂಥ ಸದ್ದಿನ ಪಕ್ಕದಲ್ಲೇ ಅಲ್ಲವೆ? ಬಿಸಿಲು ಕಲ್ಲಿನ ಮೇಲೆ ಹರಿದು ಅವಳ ಕಾಲ ಬೆರಳು ಮುಟ್ಟಿ ಹಿಂದೆ ಹೋಯಿತು. ಗಡಿಯಾರ ನೋಡುವುದನ್ನು ಮರೆತು ನಾನೂ ನೆಲದ ಮೇಲೆ ಕೂತೆ. ಕಲ್ಲು ತಣ್ಣಗಿತ್ತು.

ಸಂಜೆ ಎದ್ದಳು. ರೊಟ್ಟಿ, ಶೇಂಗಾ ಚಟ್ನಿ ತಿಂದು, ಗುಳಿಗೆ ನುಂಗಿ, ಅಲ್ಲೇ ಮತ್ತೆ ಮಲಗಿದಳು. ನಾನು ಹೋಗಿ ಅವಳಿಗೆ ಹೊಸ ಚಪ್ಪಲಿ ತಂದೆ; ಎರಡನೆಯ ಹೋಟೆಲಿನ ಕಡೆ ಮಾತ್ರ ಹೋಗಲಿಲ್ಲ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸು ಅಕ್ಕನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ನಾನು ಯಂತ್ರದ ಅಂಕಿಯತ್ತ ಬಗ್ಗಿದೆ. ಪಟ್ಟಿ ಸಡಿಲವಾಯಿತು. ಆಕೆ ಯಂತ್ರವನ್ನು ಎರಡು ಸಲ ನೋಡಿ ಸರಿಯಿದೆಯೆಂದು ತಲೆಯಾಡಿಸಿ, ಅಕ್ಕನನ್ನು ಒಳಗೆ ಕರೆದುಕೊಂಡು ಹೋದಳು.

ಹೊರಗಿನ ಬೆಂಚಿನ ಮೇಲೆ ಕೂತೆ. ಹಗಲಲ್ಲಿ ಎಂದೂ ಕಣ್ಣು ಮುಚ್ಚದ ನನಗೆ ಜೋಂಪು ಹತ್ತಿತು. ನನ್ನ ಹಾಸ್ಟೆಲು ಕಂಡಿತು. ಹುಡುಗಿಯರೆಲ್ಲ ಹಾಸಿಗೆ ಬಿಟ್ಟು ತೋಚಿದ ಕಡೆ, ಕಟ್ಟೆಯ ಮೇಲೆ, ಹೊಸ್ತಿಲ ಬಳಿ, ಬೇವಿನ ಕೆಳಗೆ ಮಲಗಿದ್ದರು. ಗಂಟೆ ನನ್ನ ಕೈಯಲ್ಲೇ ಇತ್ತು. ಹೊಡೆಯಲು ಮನಸ್ಸಾಗಲಿಲ್ಲ.

"ಏಳಽ ಏಳು. ಹಿಂಗ ಗೊರಕಿ ಹೊಡೀತಾರೇನು, ಮಂದಿ ನಡುವ?"

ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಅಕ್ಕ ನರ್ಸಿನ ತೋಳು ಹಿಡಿದು ನಿಂತಿದ್ದಳು.

"ಮುಗೀತೇನಕ್ಕಾ?"

"ಮುಗೀತು. ಚಲೋ ಆಗ್ಯಾದಂತ. ನಾಳಿ ಪಟ್ಟಿ ಬಿಚ್ಚತಾರ." ಗಾಳಿಯಲ್ಲಿ ತಡಕಾಡಿ ನನ್ನ ಕೈ ಹಿಡಿದಳು. "ನಡಿ, ಖೋಲಿಗೆ ಹೋಗಮು. ಇವತ್ತ ನೀನೂ ಕೆಳಗಽ ಮಲಗು."